ಅವಧಿ ಮುಗಿದ ಆಂಟಿವೈರಸ್: ಮತ್ತೆ ದುಡ್ಡು ಕಟ್ಟಬೇಕೇ?

ಓದುಗರ ಪ್ರಶ್ನೆ: ಲ್ಯಾಪ್‌ಟಾಪ್ ತೆಗೆದುಕೊಂಡಾಗ ಅಂಗಡಿಯವರೇ ಒಂದು ಆಂಟಿವೈರಸ್ ಹಾಕಿ ಕೊಟ್ಟಿದ್ದರು. ಈಗ ಅದರ ಅವಧಿ ಮುಗಿದಿದೆ. ಆನ್ ಮಾಡಿದಾಗಲೆಲ್ಲ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ರಿನ್ಯೂ ಮಾಡಿ’ ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ದುಡ್ಡು ಕಟ್ಟಲೇಬೇಕೇ, ಫ್ರೀ ಆಂಟಿವೈರಸ್ ಸಾಕೇ? ಸ್ಪೈವೇರ್‌ಗೆ ಬೇರೆಯೇ ಸಾಫ್ಟ್‌ವೇರ್ ಬೇಕು ಅನ್ನುತ್ತಾರಲ್ಲ, ನಿಜವೇ? ನಮ್ಮದು ನೆಟ್‌ಬ್ಯಾಂಕಿಂಗ್, ಮಕ್ಕಳ ಪ್ರಾಜೆಕ್ಟ್, ದುಬೈಯಲ್ಲಿರುವ ಅಣ್ಣನ ಜೊತೆ ವಿಡಿಯೋ ಕಾಲ್, ಇಷ್ಟೇ ಬಳಕೆ. (ಉಡುಪಿಯಿಂದ)

ಉತ್ತರ: ಕಟ್ಟಬೇಕಾಗಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಇದ್ದು ಅಪ್‌ಡೇಟ್ ಸರಿಯಾಗಿ ಬರುತ್ತಿದ್ದರೆ, ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಈ ಬಳಕೆಗೆ ಸಾಕು. ನಮಗೆ ಗೊತ್ತಿಲ್ಲದೆ ನಮ್ಮ ಮಾಹಿತಿ ಕದಿಯುವ ಸ್ಪೈವೇರ್‌ಗೆಂದು ಪ್ರತ್ಯೇಕವಾಗಿ ಏನೂ ಬೇಡ. ಆದರೆ ಆಂಟಿವೈರಸ್ ಯಾವುದು ಎಂಬುದಕ್ಕಿಂತ ಕಂಪ್ಯೂಟರಿಗೆ ನಾವು ಏನನ್ನು, ಎಲ್ಲಿಂದ ತಂದು ಹಾಕುತ್ತೇವೆ ಎಂಬುದೇ ಹೆಚ್ಚು ಮುಖ್ಯ. ಮನೆಯ ಕಂಪ್ಯೂಟರು ಕೆಟ್ಟ ಹೆಚ್ಚಿನ ಸಂದರ್ಭಗಳಲ್ಲಿ ಯಾರೋ ಒಬ್ಬರು ‘ಯೆಸ್’ ಒತ್ತಿರುತ್ತಾರೆ.

ಮೊದಲು ಆ ಕೆಂಪು ಅಕ್ಷರದ ವಿಚಾರ. ಅದು ನಿಜವಾಗಿಯೂ ಆಂಟಿವೈರಸ್‌ನಿಂದ ಬಂದದ್ದೇ ಎಂದು ನೋಡಿ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಬರುವ ಚೌಕದೊಳಗೆ ಕ್ರೋಮ್ ಅಥವಾ ಎಡ್ಜ್‌ನ ಗುರುತು, ಅದರ ಜೊತೆ ಯಾವುದೋ ಗೊತ್ತಿಲ್ಲದ ವೆಬ್‌ಸೈಟಿನ ಹೆಸರು ಸಣ್ಣಕ್ಕೆ ಕಾಣುತ್ತಿದ್ದರೆ ಅದು ಬರೀ ಜಾಹೀರಾತು. ಎಂದೋ ಒಂದು ಸೈಟಿನಲ್ಲಿ ‘ಅಲೋ’ ಒತ್ತಿದ್ದಕ್ಕೆ ಅದು ನೋಟಿಫಿಕೇಶನ್ ಕಳಿಸುತ್ತಿದೆ, ಹೆಸರಾಂತ ಆಂಟಿವೈರಸ್ ಕಂಪನಿಯ ಲೋಗೋ ಸಮೇತ. ಅದರಲ್ಲಿ ದುಡ್ಡು ಕಟ್ಟಿದರೆ ಹೋಯಿತು. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂದು ಹುಡುಕಿ, ಆ ಸೈಟನ್ನು ತೆಗೆದುಹಾಕಿದರೆ ನಿಲ್ಲುತ್ತದೆ.

ಸಂದೇಶ ಆಂಟಿವೈರಸ್‌ನದ್ದೇ ಆಗಿದ್ದರೆ, ಅವಧಿ ಮುಗಿದದ್ದನ್ನು ಹಾಗೇ ಇಟ್ಟುಕೊಳ್ಳಬೇಡಿ. ಹೊಸ ವೈರಸ್‌ಗಳ ಮಾಹಿತಿ ಬರುವುದು ನಿಂತ ಮೇಲೆ ಅದರಿಂದ ಉಪಯೋಗ ಕಡಿಮೆ, ಡಿಫೆಂಡರ್ ಪೂರ್ತಿ ಕೆಲಸಕ್ಕಿಳಿಯಲು ಅಡ್ಡಿಯೂ ಆಗಬಹುದು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕೆಲವು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ, ಅಂಥದ್ದಕ್ಕೆ ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ರಿಮೂವಲ್ ಟೂಲ್ ಸಿಗುತ್ತದೆ. ಆಮೇಲೆ ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಿರಿ. ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ಹಸಿರು ಗುರುತು ಇರಬೇಕು, ರಿಯಲ್ ಟೈಮ್ ಪ್ರೊಟೆಕ್ಷನ್ ಆನ್ ಇರಬೇಕು. ಅಲ್ಲಿಂದ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ಗೆ ಹೋಗಿ, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ಒಳಗಿರುವ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಕೂಡ ಆನ್ ಇದೆಯೇ ನೋಡಿ. ವೈರಸ್ ಅಂತ ಹೇಳಲಾಗದ, ಆದರೆ ಜಾಹೀರಾತು ಸುರಿಸುವ, ಬ್ರೌಸರಿನ ಹೋಮ್‌ಪೇಜ್ ಬದಲಿಸುವ ಕಸವನ್ನು ತಡೆಯುವುದು ಇದೇ.

ಸ್ಪೈವೇರ್‌ಗೆ ಬೇರೆ ಸಾಫ್ಟ್‌ವೇರ್ ಬೇಕು ಎಂಬ ಮಾತು ಸುಳ್ಳಲ್ಲ, ಹಳೆಯದು. 2000ದ ನಂತರದ ಮೊದಲ ಕೆಲವು ವರ್ಷಗಳಲ್ಲಿ ಆಂಟಿವೈರಸ್ ಕಂಪನಿಗಳು ಸ್ಪೈವೇರನ್ನು ವೈರಸ್ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಸ್ಪೈಬಾಟ್, ಆ್ಯಡ್‌ಅವೇರ್ ಎಂಬ ಬೇರೆ ಸಾಫ್ಟ್‌ವೇರ್‌ಗಳು ಮನೆಮನೆಯಲ್ಲಿದ್ದವು. ಡಿಫೆಂಡರ್ ಹುಟ್ಟಿದ್ದೂ ಹಾಗೆಯೇ. 2004ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಜಯಂಟ್ ಎಂಬ ಸಣ್ಣ ಕಂಪನಿಯನ್ನು ಕೊಂಡು, ಅದರ ಆಂಟಿಸ್ಪೈವೇರನ್ನೇ ವಿಂಡೋಸ್ ಡಿಫೆಂಡರ್ ಮಾಡಿತು. ವಿಸ್ಟಾದಲ್ಲೂ ವಿಂಡೋಸ್ 7ರಲ್ಲೂ ಇದ್ದ ಡಿಫೆಂಡರ್ ಸ್ಪೈವೇರ್‌ಗೆ ಮಾತ್ರ. ಅದು ಪೂರ್ತಿ ಆಂಟಿವೈರಸ್ ಆದದ್ದು 2012ರ ವಿಂಡೋಸ್ 8ರಲ್ಲಿ. ‘ವಿಂಡೋಸ್‌ನಲ್ಲಿ ಇರುವುದು ಯಾವುದಕ್ಕೂ ಸಾಲದು’ ಎಂದು ಈಗಲೂ ಹೇಳುವವರ ನೆನಪಿನಲ್ಲಿರುವುದು ಆ ಹಳೆಯ ಡಿಫೆಂಡರ್. ಇಂದು ಯಾವ ಒಳ್ಳೆಯ ಆಂಟಿವೈರಸ್ ಆದರೂ ವೈರಸ್, ಸ್ಪೈವೇರ್, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಎಲ್ಲವನ್ನೂ ಒಟ್ಟಿಗೇ ನೋಡುತ್ತದೆ. ಏನೋ ಅನುಮಾನ ಬಂದಾಗ ಇನ್ನೊಂದು ಕಣ್ಣಿಗೆ ತೋರಿಸಬೇಕೆನಿಸಿದರೆ ಮಾಲ್‌ವೇರ್‌ಬೈಟ್ಸ್‌ನ ಫ್ರೀ ಆವೃತ್ತಿಯಿಂದ ಒಮ್ಮೆ ಸ್ಕ್ಯಾನ್ ಮಾಡಿಸಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ವೆಬ್‌ಸೈಟಿನಲ್ಲೂ ಉಚಿತ ಕ್ಲೀನಿಂಗ್ ಟೂಲ್‌ಗಳಿವೆ. ಆದರೆ ಸದಾ ಕಾವಲಿರುವ ಆಂಟಿವೈರಸ್ ಒಂದೇ ಇರಲಿ. ಎರಡು ಹಾಕಿದರೆ ಒಂದೇ ಫೈಲನ್ನು ಎರಡೂ ಹಿಡಿದು ಜಗ್ಗುತ್ತವೆ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಅಲ್ಲಾಡುವುದಿಲ್ಲ.

ಹಾಗಾದರೆ ದುಡ್ಡು ಕೊಡುವುದು ಯಾವಾಗ ಸರಿ? ಪೂರ್ತಿ ಮನೆಯ ಕಂಪ್ಯೂಟರು, ಮೊಬೈಲುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕು, ಏನಾದರೂ ಆದರೆ ಫೋನ್ ಮಾಡಿ ಕೇಳಲು ಒಂದು ಕಂಪನಿ ಬೇಕು ಎನ್ನುವವರಿಗೆ ಅದು ಒಪ್ಪುತ್ತದೆ. ಹಿರಿಯರಿಬ್ಬರೇ ಇರುವ, ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುವ ಮನೆಗಳಿಗೆ ಆ ಸಪೋರ್ಟ್ ಬೆಲೆಯುಳ್ಳದ್ದೇ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ನಮ್ಮ ಊರಿನ ಅಂಗಡಿಗಳಲ್ಲೇ ಸಿಗುತ್ತವೆ. ಬಿಟ್‌ಡಿಫೆಂಡರ್, ಇಸೆಟ್ ಮುಂತಾದವನ್ನು ಆನ್‌ಲೈನಿನಲ್ಲಿ ಕೊಳ್ಳಬಹುದು. ಕೊಳ್ಳುವ ಮೊದಲು ಜರ್ಮನಿಯ ಎವಿ ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ ಕಂಪ್ಯಾರೆಟಿವ್ಸ್ ಸಂಸ್ಥೆಗಳ ಫಲಿತಾಂಶ ನೋಡಿ. ಎರಡೂ ಉಚಿತವಾಗಿ ಓದಲು ಸಿಗುತ್ತವೆ. ಎವಿ ಟೆಸ್ಟ್ ರಕ್ಷಣೆ, ವೇಗ, ಬಳಸುವ ಸುಲಭ ಎಂದು ಮೂರಕ್ಕೆ ತಲಾ 6ರಂತೆ 18 ಅಂಕ ಕೊಡುತ್ತದೆ. ಯಾವುದೋ ಒಂದು ತಿಂಗಳಿನದ್ದನ್ನು ನೋಡಿ ತೀರ್ಮಾನಿಸಬೇಡಿ, ಸಾಲಾಗಿ ಕೆಲವು ಸಲದ್ದನ್ನು ನೋಡಿ. ಡಿಫೆಂಡರ್ ಕೆಲವು ವರ್ಷಗಳಿಂದ ಮುಂದಿನ ಸಾಲಿನಲ್ಲೇ ಇದೆ. ಕೊಂಡರೆ ಮೊದಲ ವರ್ಷದ ಬೆಲೆಯ ಜೊತೆ ಎರಡನೇ ವರ್ಷದ ಬೆಲೆಯನ್ನೂ ಕೇಳಿ, ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗುವ ಆಟೋ ರಿನ್ಯೂವಲ್ ಇದೆಯೇ ನೋಡಿ.

ಫ್ರೀ ಆಂಟಿವೈರಸ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಫ್ರೀ ಆಂಟಿವೈರಸ್‌ಗೆ ಹೆಸರಾದ ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ಸೈಟ್ ನೋಡುತ್ತಾರೆ ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರಿತ್ತು. 2020ರಲ್ಲಿ ಸುದ್ದಿ ಹೊರಬಿದ್ದಾಗ ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಲು ಹೇಳಿ, ಜಾಹೀರಾತಿಗಾಗಿ ಅಂಥ ಮಾಹಿತಿ ಮಾರುವುದನ್ನು ನಿಷೇಧಿಸಿತು. ಸ್ಪೈವೇರ್ ತಡೆಯಲೆಂದು ಹಾಕಿದ್ದೇ ನಮ್ಮ ಮೇಲೆ ಕಣ್ಣಿಟ್ಟ ಕಥೆ ಇದು. ಡಿಫೆಂಡರ್ ಕೈಯಲ್ಲೇ ಇರುವಾಗ ಇನ್ನೊಂದು ಫ್ರೀ ಆಂಟಿವೈರಸ್ ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಇನ್ನು ಕಂಪ್ಯೂಟರು ನಿಜವಾಗಿ ಕೆಡುವ ದಾರಿಗಳಿಗೆ ಬರೋಣ. ಮೊದಲನೆಯದು ಕ್ರ್ಯಾಕ್. ಫೋಟೋಶಾಪ್, ಆಫೀಸ್, ಗೇಮ್ ಇವನ್ನು ಪುಕ್ಕಟೆ ಮಾಡಿಕೊಡುವ ಫೈಲುಗಳ ಜೊತೆ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ‘ಮೊದಲು ಆಂಟಿವೈರಸ್ ಆಫ್ ಮಾಡಿ’. ಮಾಡಿದ ಮೇಲೆ ಎಷ್ಟು ಸಾವಿರ ಕೊಟ್ಟು ಕೊಂಡ ಆಂಟಿವೈರಸ್ ಇದ್ದರೂ ಅಷ್ಟೇ. ಸ್ಟಾಪ್ ಎಂಬ ರಾನ್ಸಮ್‌ವೇರ್ ಹೆಚ್ಚಾಗಿ ಹರಡಿದ್ದು ಹೀಗೆಯೇ. ಫೋಟೋ, ಡಾಕ್ಯುಮೆಂಟು ಎಲ್ಲದರ ಹೆಸರಿನ ಕೊನೆಗೆ ನಾಲ್ಕು ವಿಚಿತ್ರ ಅಕ್ಷರ ಸೇರುತ್ತದೆ, ತೆರೆದರೆ ತೆರೆಯುವುದಿಲ್ಲ, ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ. ಅದರ ಹಳೆಯ ಆವೃತ್ತಿಗಳಿಗೆ 2019ರಲ್ಲಿ ಎಮ್ಸಿಸಾಫ್ಟ್ ಕಂಪನಿ ಫೈಲುಗಳ ಬೀಗ ಬಿಡಿಸುವ ಉಚಿತ ಟೂಲ್ ಕೊಟ್ಟಿತು. ಹೊಸದಕ್ಕೆ ಸಿಕ್ಕಿಬಿದ್ದರೆ ಹೆಚ್ಚಿನ ಸಲ ಫೋಟೋಗಳ ಆಸೆ ಬಿಡಬೇಕಾಗುತ್ತದೆ. ಮಕ್ಕಳು ಕ್ಲಾಸ್‌ಮೇಟ್‌ನಿಂದ ತಂದ ಸಾಫ್ಟ್‌ವೇರ್ ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಿ.

ಕನ್ನಡ ಟೈಪ್ ಮಾಡಲೆಂದು ನುಡಿ, ಬರಹ ಹುಡುಕುವಾಗಲೂ ಎಚ್ಚರ ಬೇಕು. ಹುಡುಕಿದಾಗ ಬರುವ ಎಷ್ಟೋ ಸೈಟುಗಳು ಅವುಗಳ ಅಧಿಕೃತ ಸೈಟುಗಳಲ್ಲ. ಪುಟದಲ್ಲಿ ಹಸಿರು ಬಣ್ಣದ ‘ಡೌನ್‌ಲೋಡ್’ ಬಟನ್ ಮೂರ್ನಾಲ್ಕು ಇರುತ್ತವೆ, ದೊಡ್ಡದಾಗಿ ಹೊಳೆಯುವುದು ಜಾಹೀರಾತಿನದ್ದು. ಬರೀ ಯುನಿಕೋಡ್ ಕನ್ನಡ ಸಾಕೆಂದರೆ ಏನನ್ನೂ ಇಳಿಸುವುದು ಬೇಡ. ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡ ಬರೆಯುವ ಫೊನೆಟಿಕ್ ಕೀಬೋರ್ಡ್ 2019ರಿಂದ ವಿಂಡೋಸ್ ಒಳಗೇ ಇದೆ, ಲ್ಯಾಂಗ್ವೇಜ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರಾಯಿತು.

ಆಮೇಲೆ ಪೆನ್‌ಡ್ರೈವ್. ಮಂಗಳೂರಿನ ಹಂಪನಕಟ್ಟೆಯಲ್ಲೋ ಮಣಿಪಾಲದ ಟೈಗರ್ ಸರ್ಕಲ್ ಹತ್ತಿರವೋ ಪ್ರಾಜೆಕ್ಟ್ ರಿಪೋರ್ಟ್ ಸಲ್ಲಿಸುವ ವಾರದಲ್ಲಿ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಎಷ್ಟು ಪೆನ್‌ಡ್ರೈವ್ ಚುಚ್ಚುತ್ತಾರೋ ಲೆಕ್ಕವಿಲ್ಲ. ಮನೆಗೆ ಬಂದು ನೋಡಿದರೆ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಕ್ಲಿಕ್ ಮಾಡಿದರೆ ವೈರಸ್ ಓಡುತ್ತದೆ. ‘ಫೈಲೆಲ್ಲ ಹೋಯ್ತು ಮಾರಾಯ್ರೇ’ ಎಂದು ಗಾಬರಿಯಿಂದ ಫಾರ್ಮ್ಯಾಟ್ ಮಾಡುವವರಿದ್ದಾರೆ, ಮಾಡಬೇಡಿ. ಇಂಥದ್ದರಲ್ಲಿ ಸಾಮಾನ್ಯವಾಗಿ ಫೈಲುಗಳು ಅಲ್ಲೇ ಇರುತ್ತವೆ, ಅವನ್ನು ಅಡಗಿಸಲಾಗಿರುತ್ತದೆ ಅಷ್ಟೇ. ಮೊದಲು ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ, ಆಮೇಲೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲುಗಳನ್ನೂ ಸಿಸ್ಟಮ್ ಫೈಲುಗಳನ್ನೂ ತೋರಿಸಲು ಹೇಳಿದರೆ ಹೊರಗೆ ಬರುತ್ತವೆ. ಪ್ರಿಂಟಿಗೆ ಹೋಗುವಾಗ ಪಿಡಿಎಫ್ ಮಾಡಿ ಇಮೇಲಿನಲ್ಲಿ ಕಳಿಸುವುದು ಇನ್ನೂ ಒಳ್ಳೆಯದು.

ಇಲ್ಲಿ ಕರಾವಳಿಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಡಿಫೆಂಡರ್‌ನ ಬಲದಲ್ಲಿ ದೊಡ್ಡ ಪಾಲು ಇಂಟರ್‌ನೆಟ್ ಮೂಲಕ ಮೈಕ್ರೋಸಾಫ್ಟ್‌ನ ಸರ್ವರನ್ನು ಕೇಳಿ ಬರುತ್ತದೆ. ಎವಿ ಕಂಪ್ಯಾರೆಟಿವ್ಸ್‌ನ ಪರೀಕ್ಷೆಗಳಲ್ಲೂ ನೆಟ್ ಇಲ್ಲದಾಗ ಅದು ಹಿಡಿಯುವುದು ಕಡಿಮೆ. ನಮ್ಮಲ್ಲಿ ಗುಡುಗು ಶುರುವಾದರೆ ಪ್ಲಗ್, ನೆಟ್ ಕೇಬಲ್ ಎರಡನ್ನೂ ಕಿತ್ತಿಡುತ್ತೇವೆ, ಕಂಪ್ಯೂಟರು ದಿನಗಟ್ಟಲೆ ಆಫ್ ಇರುತ್ತದೆ. ಮತ್ತೆ ಆನ್ ಮಾಡಿದಾಗ ಮೊದಲು ನೆಟ್ ಸಿಕ್ಕಿಸಿ ಅಪ್‌ಡೇಟ್ ಆಗಲು ಬಿಡಿ, ಪೆನ್‌ಡ್ರೈವ್ ಆಮೇಲೆ ಹಾಕಿ.

ಯಾವ ಆಂಟಿವೈರಸ್ಸೂ ಸುಲಭಕ್ಕೆ ತಡೆಯಲಾರದ್ದು ಫೋನ್ ಕರೆ. ಇಡೀ ಪರದೆ ತುಂಬುವ ಎಚ್ಚರಿಕೆ, ಜೋರಾದ ಬೀಪ್ ಶಬ್ದ, ‘ಈ ನಂಬರಿಗೆ ಕರೆ ಮಾಡಿ’. ಕರೆ ಮಾಡಿದರೆ ನಯವಾಗಿ ಮಾತನಾಡಿ ದೂರದಿಂದಲೇ ನಮ್ಮ ಕಂಪ್ಯೂಟರನ್ನು ನಡೆಸಬಲ್ಲ ಎನಿಡೆಸ್ಕ್‌ನಂಥ ರಿಮೋಟ್ ಆ್ಯಪ್ ಹಾಕಿಸುತ್ತಾರೆ. ಆ ಆ್ಯಪ್ ವೈರಸ್ ಅಲ್ಲ, ನಾವೇ ಒಪ್ಪಿ ಹಾಕಿದ್ದು, ಹಾಗಾಗಿ ಆಂಟಿವೈರಸ್ ಸುಮ್ಮನಿರುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ, ಇದೊಂದನ್ನು ಮನೆಯ ಹಿರಿಯರಿಗೆ ಹೇಳಿಡಿ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಬ್ರೌಸರ್ ಮುಚ್ಚಿದರೆ ಸಾಕು. ಈಗಾಗಲೇ ಒಳಗೆ ಬಿಟ್ಟುಕೊಂಡಿದ್ದರೆ ನೆಟ್ ಕೇಬಲ್ ತೆಗೆಯಿರಿ ಅಥವಾ ವೈಫೈ ಆಫ್ ಮಾಡಿ, ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ, ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ. ಹಣ ಹೋಗಿದ್ದರೆ ಒಂದೊಂದು ನಿಮಿಷವೂ ಮುಖ್ಯ.

ನೀವು ಉಳಿಸಿದ ಆಂಟಿವೈರಸ್ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಿ. ಮದುವೆ, ಮುಂಜಿ, ಜಾತ್ರೆಯ ಫೋಟೋಗಳನ್ನು ಅದಕ್ಕೆ ಹಾಕಿ, ಕೆಲಸ ಮುಗಿದ ಕೂಡಲೇ ತೆಗೆದು ಕಪಾಟಿನಲ್ಲಿಡಿ. ಸಿಕ್ಕಿಸಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ, ಸಿಡಿಲೂ ಬಿಡುವುದಿಲ್ಲ.

ಇದೆಲ್ಲ ವಿಂಡೋಸ್ 11 ಇದ್ದವರಿಗೆ. ನಿಮ್ಮದು ವಿಂಡೋಸ್ 10 ಆಗಿದ್ದರೆ ಲೆಕ್ಕ ಬೇರೆ. ಅದರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ಗೆ ವೈರಸ್ ಮಾಹಿತಿ 2028ರವರೆಗೂ ಬರುತ್ತದೆ, ಆದರೆ ವಿಂಡೋಸ್‌ನದ್ದೇ ಭದ್ರತೆಯ ತೂತುಗಳನ್ನು ಅದು ಮುಚ್ಚುವುದಿಲ್ಲ, ಬೇರೆ ಯಾವ ಆಂಟಿವೈರಸ್ ಕೊಂಡರೂ ಮುಚ್ಚುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಕೆಡವಿದಾಗ, ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11ಕ್ಕೆ ಹೋಗಲು ನಿಮ್ಮ ಯಂತ್ರ ಅರ್ಹವೇ ಎಂದು ಗೊತ್ತಾಗುತ್ತದೆ. ಅರ್ಹವಾಗಿದ್ದರೆ ಈ ವಾರವೇ ಹೋಗಿ, ಶುಲ್ಕವಿಲ್ಲ. ಇಲ್ಲದಿದ್ದರೆ ಅದೇ ಪುಟದಲ್ಲಿ ಸಪೋರ್ಟ್ ಮುಗಿದ ಮೇಲೂ ತೂತು ಮುಚ್ಚುವ ಅಪ್‌ಡೇಟ್ ಕೊಡುವ ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್‌ಗೆ ಸೇರುವ ಅವಕಾಶ ಇದೆಯೇ ನೋಡಿ. ಅದೂ ಆಗದ ಹಳೆಯ ಯಂತ್ರದಲ್ಲಿ ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಹಾಕಿಸಿಕೊಂಡರೆ ಬ್ರೌಸರ್, ವಿಡಿಯೋ ಕಾಲ್, ಮಕ್ಕಳ ಪ್ರಾಜೆಕ್ಟ್ ಎಲ್ಲ ನಡೆಯುತ್ತದೆ. ಇದ್ಯಾವುದನ್ನೂ ಮಾಡದೆ ಇಟ್ಟುಕೊಂಡ ವಿಂಡೋಸ್ 10ರಲ್ಲಿ ನೆಟ್‌ಬ್ಯಾಂಕಿಂಗ್ ಮಾತ್ರ ಬೇಡ.