ತಾರಸಿ ಮನೆಯ ರಾತ್ರಿ ಸೆಕೆಗೆ ಎಸಿ ಒಂದೇ ದಾರಿಯಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕ ಹತ್ತಿರ ತಾರಸಿ ಮನೆ. ವಿಷು ಹತ್ತಿರ ಬಂತೆಂದರೆ ರಾತ್ರಿ ಒಳಗೆ ಮಲಗುವ ಹಾಗಿಲ್ಲ. ಅಂಗಳಕ್ಕೆ ಬಂದರೆ ತಂಪು, ಒಳಗೆ ಫ್ಯಾನಿನ ಗಾಳಿಯೂ ಬಿಸಿ. ಎಸಿ ಹಾಕಿಸದೆ ಬೇರೆ ದಾರಿ ಉಂಟಾ? ಮನೆಯಲ್ಲಿ ಎಂಬತ್ತು ದಾಟಿದ ಅತ್ತೆ ಇದ್ದಾರೆ. ರಜೆಗೆ ಮಕ್ಕಳೂ ಬರುತ್ತಾರೆ.

ಉತ್ತರ: ಉಂಟು. ಎಸಿ ಅಂಗಡಿಗೆ ಹೋಗುವ ಮೊದಲು ಒಮ್ಮೆ ನಿಮ್ಮ ತಾರಸಿಗೆ ಹತ್ತಿ ನೋಡಿ. ಮಧ್ಯಾಹ್ನ ಬೇಡ, ರಾತ್ರಿ ಎಂಟು ಗಂಟೆಗೆ. ಬರಿಗಾಲಲ್ಲಿ ನಿಂತರೆ ಸಾಕು. ಸೂರ್ಯ ಮುಳುಗಿ ಅಷ್ಟು ಹೊತ್ತಾದರೂ ಕಾಂಕ್ರೀಟು ಬೆಚ್ಚಗೇ ಇರುತ್ತದೆ. ಒಲೆ ಆರಿಸಿದ ಮೇಲೂ ಕಾವಲಿ ಬಿಸಿ ಇರುವುದಿಲ್ಲವಾ, ಹಾಗೆ. ಹಗಲಿಡೀ ಕುಡಿದ ಬಿಸಿಲನ್ನು ಅದು ರಾತ್ರಿಯಿಡೀ ಕೆಳಗೆ ಬಿಡುತ್ತದೆ. ಸೀಲಿಂಗ್ ಫ್ಯಾನು ತಿರುಗುವುದು ಅದರ ಬುಡದಲ್ಲೇ. ಅಲ್ಲಿ ಸೇರಿಕೊಂಡ ಬಿಸಿ ಗಾಳಿಯನ್ನೇ ನಿಮ್ಮ ಮೇಲೆ ತಳ್ಳುತ್ತದೆ. ಹಾಗಾಗಿ ಅಂಗಳ ತಂಪು, ಕೋಣೆ ಬಿಸಿ.

ನಮ್ಮ ಊರಲ್ಲಿ ಗೋಡೆಗಿಂತ ಮಾಡಿಗೇ ಬಿಸಿಲು ಜಾಸ್ತಿ ಬೀಳಲು ಇನ್ನೊಂದು ಕಾರಣ ಉಂಟು. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವಿಷು ಕಳೆದು ಒಂದು ವಾರ, ಹತ್ತು ದಿನದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆಯೇ ಬರುತ್ತಾನೆ. ದಕ್ಷಿಣದ ಗೋಡೆಗೆ ಆಗ ಬಿಸಿಲೇ ಇಲ್ಲ. ಪಡು ಗೋಡೆಗೆ ಮಧ್ಯಾಹ್ನದ ನಂತರ ಬೀಳುತ್ತದೆ. ಮಾಡು ಮಾತ್ರ ಬೆಳಗ್ಗಿನಿಂದ ಸಂಜೆವರೆಗೆ ಪೂರಾ ಕಾಯುತ್ತದೆ. ಆದ್ದರಿಂದ ಕೈಯಲ್ಲಿರುವ ದುಡ್ಡು, ಸಮಯ ಎರಡನ್ನೂ ಮೊದಲು ಮಾಡಿಗೆ ಖರ್ಚು ಮಾಡಿ. ಉಳಿದದ್ದೆಲ್ಲ ಆಮೇಲೆ.

ಹಳೆಯ ಹಂಚಿನ ಮನೆಯವರಿಗೆ ಈ ರಾತ್ರಿಯ ಪಾಡು ಇಷ್ಟಿಲ್ಲ. ಹಂಚು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಎಡೆಗಳಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರಂತೂ ಮಧ್ಯಾಹ್ನವೂ ಆರಾಮ. ಇಲಿ, ಮಂಗ, ಮಳೆಗಾಲದ ಸೋರಿಕೆ ಅಂತ ಬೇಸತ್ತು ನಾವೇ ಅದನ್ನು ಕೀಳಿಸಿ ತಾರಸಿ ಹಾಕಿಸಿದ್ದು, ಅಲ್ವಾ?

ತಾರಸಿಗೆ ನೆರಳು ಮಾಡಲು ಎಲ್ಲಕ್ಕಿಂತ ಅಗ್ಗದ ದಾರಿ ತೋಟದಲ್ಲೇ ಇದೆ. ತೆಂಗಿನ ಮಡಲು, ಅಡಿಕೆ ಸೋಗೆ. ಮಡಲನ್ನು ತಾರಸಿಗೆ ಹಾಗೇ ಹಾಸಿದರೂ ಪ್ರಯೋಜನ ಉಂಟು. ಆದರೆ ನಾಲ್ಕು ಬಿದಿರು ಇಟ್ಟು ಒಂದೆರಡು ಅಡಿ ಎತ್ತರಿಸಿ ಹಾಕಿದರೆ ಇನ್ನೂ ಒಳ್ಳೆಯದು. ನಡುವೆ ಗಾಳಿ ಆಡಬೇಕು. ಗಾಳಿಗೆ ಹಾರದ ಹಾಗೆ ಕಟ್ಟಿ. ತಾರಸಿಯ ನೀರು ಹೋಗುವ ಪೈಪಿನ ಬಾಯಿಯ ಹತ್ತಿರ ಹಾಸಬೇಡಿ. ಮೇ ತಿಂಗಳ ದೊಡ್ಡ ಗುಡುಗು ಮಳೆಯೊಂದು ಬಂದರೆ ಕಸ ಸಿಕ್ಕಿ ನೀರು ನಿಲ್ಲುತ್ತದೆ, ಆಮೇಲೆ ಮಾಡು ಸೋರುತ್ತದೆ. ಒಣ ಮಡಲಿಗೆ ಬೆಂಕಿ ಬೇಗ ಹತ್ತುತ್ತದೆ. ಒಲೆಯ ಹೊಗೆ ಕೊಳವೆ ಮೇಲೆ ಬರುವ ಕಡೆ ಬಿಟ್ಟು ಹಾಸಿ. ವಿಷುವಿಗೆ ಮಕ್ಕಳು ಪಟಾಕಿ ಹೊಡೆಯುವವರಾದರೆ ಹಬ್ಬ ಕಳೆಯುವವರೆಗೆ ಹಾಸಲೇಬೇಡಿ.

ಎರಡನೆಯದು ಬಿಳಿ ಬಣ್ಣ. ಸುಣ್ಣವೂ ಆದೀತು, ಬಿಸಿಲು ತಡೆಯುವ ಬಿಳಿ ಪೇಂಟೂ ಆದೀತು. ಬಿಳಿ ಮೇಲ್ಮೈ ಬಿಸಿಲನ್ನು ತಿರುಗಿ ಮೇಲಕ್ಕೆ ಕಳಿಸುತ್ತದೆ, ಕಪ್ಪು ಹಿಡಿದ ಹಳೆಯ ಕಾಂಕ್ರೀಟು ನುಂಗುತ್ತದೆ. ಆದರೆ ಒಂದು ಮಾತು. ಜಾಹೀರಾತಿನಲ್ಲಿ ಇಷ್ಟು ವರ್ಷ ಬಾಳುತ್ತದೆ ಎಂದು ಹೇಳುವುದು ಮಳೆ ಕಡಿಮೆ ಇರುವ ಊರಿಗೆ ಸರಿ. ನಮ್ಮ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಮೇಲೆ ಪಾಚಿ ಕೂತು ಕಪ್ಪಾಗುತ್ತದೆ. ಜನವರಿ ಫೆಬ್ರವರಿಯಲ್ಲಿ ತಿಕ್ಕಿ ತೊಳೆಯದಿದ್ದರೆ ಹಾಕಿದ ದುಡ್ಡು ದಂಡ. ಅದಕ್ಕೆ ನನ್ನ ಓಟು ಸುಣ್ಣಕ್ಕೆ. ಅಗ್ಗ, ಪ್ರತಿ ವರ್ಷ ಹೊಡೆದರೂ ಹೊಟ್ಟೆ ಉರಿಯುವುದಿಲ್ಲ. ಕೆಲಸದವರನ್ನು ಬೆಳಗ್ಗೆ ಬೇಗ ಕರೆಸಿ. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುವುದು ಸುಮ್ನೆ ಅಲ್ಲ. ಬಿಳಿ ತಾರಸಿಯ ಮೇಲೆ ಬಿಸಿಲು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ.

ಮೂರನೆಯದು ಶೀಟು. ಈಗ ನಮ್ಮ ಕಡೆ ಎರಡು ಮನೆಗೊಂದು ಮನೆಗೆ ತಾರಸಿಯ ಮೇಲೆ ಶೀಟಿನ ಮಾಡು ಬಂದಿದೆ. ಸೋರಿಕೆಯೂ ನಿಲ್ಲುತ್ತದೆ, ಅಡಿಕೆ, ಕೊಬ್ಬರಿ ಹಾಕಲೂ ಜಾಗ. ಸೆಕೆಗೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಬದಿ ತೆರೆದಿದ್ದರೆ ಮಾತ್ರ. ಕೆಲವರು ಮಂಗ ಬರುತ್ತದೆಂದು ನಾಲ್ಕೂ ಸುತ್ತ ಶೀಟಿನಿಂದಲೇ ಮುಚ್ಚಿಸುತ್ತಾರೆ. ಆಗ ಒಳಗಿನ ಬಿಸಿ ಗಾಳಿಗೆ ಹೋಗಲು ದಾರಿಯೇ ಇಲ್ಲ. ಬಲೆ ಹಾಕಿಸಿ, ಮುಚ್ಚಬೇಡಿ. ಬಣ್ಣ ಆರಿಸುವಾಗ ಕಡು ಕೆಂಪು, ಕಡು ನೀಲಿ ಬಿಟ್ಟು ತಿಳಿ ಬಣ್ಣ ನೋಡಿ. ಎಷ್ಟು ಎತ್ತರ ಹಾಕಬಹುದು ಎಂಬುದನ್ನು ಪಂಚಾಯತಿನಲ್ಲಿ ಮೊದಲೇ ಕೇಳಿಕೊಳ್ಳಿ.

ಸಂಜೆ ತಾರಸಿಗೆ ನೀರು ಬಿಡುವವರೂ ಇದ್ದಾರೆ. ತಂಪಾಗುವುದು ನಿಜ. ಆದರೆ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಊರಿನಲ್ಲಿ ಅದನ್ನು ಮಾಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪಡು ಗೋಡೆಗೆ ಬಸಳೆ ಚಪ್ಪರ ಸಾಕು. ತೊಂಡೆಯೂ ಆದೀತು. ಗೋಡೆಗೆ ತಾಗಿಸದೆ ಎರಡು ಅಡಿ ಬಿಟ್ಟು ಹಾಕಿ. ಪಾತ್ರೆ ತೊಳೆದ ನೀರನ್ನು ಅದರ ಬುಡಕ್ಕೆ ಹರಿಸಿದರೆ ಬೇರೆ ನೀರು ಬೇಡ. ಪಡು ಕಿಟಕಿಯನ್ನು ಮಧ್ಯಾಹ್ನ ಪರದೆ ಎಳೆದು ಮುಚ್ಚಿ. ಕತ್ತಲಾದ ಮೇಲೆ ಎದುರು ಬದುರಿನ ಕಿಟಕಿಗಳನ್ನೆಲ್ಲ ತೆರೆಯಿರಿ, ಸೊಳ್ಳೆಗೆ ಬಲೆ ಹೊಡೆಸಿ. ಸೀಲಿಂಗ್ ಫ್ಯಾನಿನ ಬದಲು ಒಂದು ಸ್ಟ್ಯಾಂಡ್ ಫ್ಯಾನನ್ನು ತಂಪು ಬದಿಯ ಕಿಟಕಿಯ ಹತ್ತಿರ, ಒಳಗೆ ಮುಖ ಮಾಡಿ ಇಟ್ಟು ನೋಡಿ. ಅಂಗಳದ ತಂಪನ್ನು ಅದು ಒಳಗೆ ತರುತ್ತದೆ. ನೀರು ತುಂಬುವ ಏರ್ ಕೂಲರ್ ಮಾತ್ರ ಕೊಳ್ಳಬೇಡಿ. ಅದು ಕಲಬುರಗಿಯ ಒಣ ಬಿಸಿಲಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಗಾಳಿಯಲ್ಲಿ ಮೊದಲೇ ಪಸೆ ಜಾಸ್ತಿ. ಇನ್ನೂ ನೀರು ಸೇರಿಸಿದರೆ ಬೆವರು ಆರುವುದಿಲ್ಲ, ಅಂಟಂಟು ಹೆಚ್ಚುತ್ತದೆ ಅಷ್ಟೆ.

ಇನ್ನು ನಿಮ್ಮ ಅತ್ತೆಯವರ ವಿಷಯ. ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಅದೇ. ಉತ್ತರ ಕರ್ನಾಟಕದಲ್ಲಿ 42 ಡಿಗ್ರಿ ಎಂದು ಕೇಳುವಾಗ ನಮ್ಮ 35 ಏನೂ ಅಲ್ಲ ಅನಿಸುತ್ತದೆ. ಆದರೆ ಮೈ ತಂಪಾಗುವುದು ಬೆವರು ಆರಿದಾಗ. ಇಲ್ಲಿನ ಗಾಳಿಯಲ್ಲಿ ಅದು ಬೇಗ ಆರುವುದಿಲ್ಲ. ವಯಸ್ಸಾದವರಿಗೆ ಬೆವರುವುದೂ ಕಡಿಮೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಹಗಲು ಬಿಸಿಯಲ್ಲಿದ್ದ ಮೈಗೆ ರಾತ್ರಿಯಾದರೂ ತಂಪು ಸಿಗಬೇಕು. ಬಿಸಿ ತಾರಸಿಯ ಕೆಳಗೆ ಮಲಗಿದರೆ ಅದೂ ಸಿಗುವುದಿಲ್ಲ. ಎರಡು ಮಾಳಿಗೆಯ ಮನೆಯಾದರೆ ಅವರನ್ನು ಕೆಳಗಿನ ಕೋಣೆಯಲ್ಲಿ ಮಲಗಿಸಿ. ಒಂದೇ ಮಾಳಿಗೆಯಾದರೆ ಮೂಡು ಬದಿಯ ಕೋಣೆ.

"ಅತ್ತೆ, ನೀರು ಬೇಕಾ?" ಎಂದು ಕೇಳಿದರೆ "ಬೇಡ, ಈಗ ಕುಡಿದರೆ ರಾತ್ರಿ ಏಳಬೇಕಾಗ್ತದೆ" ಎಂಬ ಉತ್ತರವೇ ಬರುತ್ತದೆ. ಹಾಗಾಗಿ ಕೇಳಬೇಡಿ, ಲೋಟ ಕೈಗೆ ಕೊಡಿ. ಹಗಲಲ್ಲೇ ಹೆಚ್ಚು ಕುಡಿಸಿ. ಉಪ್ಪು ಹಾಕಿದ ಮಜ್ಜಿಗೆ ನೀರು, ಗಂಜಿ ತಿಳಿ, ಪುನರ್ಪುಳಿ ಶರಬತ್ತು, ಬೊಂಡ (ಎಳನೀರು), ಯಾವುದಾದರೂ ಸರಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯಲಿ, ಆಗ ಅವರಿಗೂ ಧೈರ್ಯ. ಹೃದಯದ ಅಥವಾ ಕಿಡ್ನಿಯ ತೊಂದರೆ ಇದ್ದರೆ, ಮೂತ್ರ ಹೋಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ನೀರು ಎಂಬುದನ್ನು ಡಾಕ್ಟರೇ ಹೇಳಬೇಕು. ಬೊಂಡದಲ್ಲಿ ಪೊಟ್ಯಾಸಿಯಂ ಇರುವುದರಿಂದ ಕಿಡ್ನಿ ತೊಂದರೆಯವರಿಗೆ ಅದನ್ನು ಕೇಳದೆ ಕೊಡಬೇಡಿ.

ಮಾತು ತೊದಲಿದರೆ, ಯಾರು ಏನು ಎಂದು ಗೊಂದಲವಾದರೆ, ಮೈ ಸುಡುತ್ತಿದ್ದು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅದು ಬರೀ ಸುಸ್ತಲ್ಲ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲಾಘಾತ ಇರಬಹುದು. ಮನೆಯೊಳಗೇ ಇದ್ದವರಿಗೂ ಬರುತ್ತದೆ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಕಾಯುತ್ತಾ ಕೂರಬೇಡಿ. ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕಿ, ಫ್ಯಾನು ಬಿಡಿ. ಕುತ್ತಿಗೆ, ಕಂಕುಳಿಗೆ ತಣ್ಣೀರ ಬಟ್ಟೆ ಇಡಿ. ಕರೆಂಟು ಹೋಗಿದ್ದರೆ ಅಡಿಕೆ ಹಾಳೆಯ ಬೀಸಣಿಗೆಯೇ ಆದೀತು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ.

ಮಕ್ಕಳಿಗೆ ಸೆಕೆಗಿಂತ ನೀರಿನ ಭಯವೇ ಜಾಸ್ತಿ. ತೋಟಗಳಲ್ಲಿ ಈಗ ಪ್ಲಾಸ್ಟಿಕ್ ಹೊದಿಕೆಯ ಕೆರೆಗಳು ಬಂದಿವೆ. ಅಂಚು ಇಳಿಜಾರು, ಪಾಚಿ ಹಿಡಿದು ಜಾರುತ್ತದೆ. ಒಳಗೆ ಬಿದ್ದವರಿಗೆ ಹಿಡಿಯಲು ಒಂದು ಬೇರೂ ಇಲ್ಲ, ಕಲ್ಲೂ ಇಲ್ಲ. ಈಜು ಬರುವ ದೊಡ್ಡವರಿಗೂ ಮೇಲೆ ಬರುವುದು ಕಷ್ಟ. ಸುತ್ತ ಬೇಲಿ ಹಾಕಿ. ಅಷ್ಟೇ ಅಲ್ಲ, ದಪ್ಪ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ನಾಲ್ಕೂ ಬದಿಯಿಂದ ನೀರಿನ ತಳದವರೆಗೆ ಇಳಿಬಿಡಿ, ಮೇಲಿನ ತುದಿಯನ್ನು ಗಟ್ಟಿ ಮರಕ್ಕೋ ಕಂಬಕ್ಕೋ ಕಟ್ಟಿ. ಬೆಚ್ಚಗೆ ನಿಂತ ಕೆರೆ ನೀರಿಗೆ ಧುಮುಕಿ ಮೂಗಿಗೆ ನೀರು ಹೋಗುವುದೂ ಬೇಡ. ಕೇರಳದಲ್ಲಿ ಕಾಣಿಸಿಕೊಂಡಿರುವ ಅಮೀಬಾದ ಮಿದುಳು ಜ್ವರ ಹೊಟ್ಟೆಯ ಮೂಲಕ ಬರುವುದಿಲ್ಲ, ಮೂಗಿನ ಮೂಲಕ ಬರುತ್ತದೆ. ಕೆರೆಯಲ್ಲಿ ಆಡಿದ ಮಗುವಿಗೆ ಆಮೇಲಿನ ದಿನಗಳಲ್ಲಿ ಜೋರು ತಲೆನೋವು, ಜ್ವರ, ವಾಂತಿ ಬಂದರೆ ಕೆರೆಯ ವಿಷಯವನ್ನು ಡಾಕ್ಟರಿಗೆ ಮರೆಯದೆ ಹೇಳಿ.

ನೀರಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ: ಕುಡಿಯುವ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಕಣ್ಣಳತೆ ಬೇಡ. ಲೆಕ್ಕ 1,000 ಲೀಟರಿಗೆ 2.5 ಗ್ರಾಂ. ಬಾವಿ 2 ಮೀಟರ್ ಅಗಲ ಇದ್ದು, ನೀರು 3 ಮೀಟರ್ ಆಳ ಇದ್ದರೆ ಸುಮಾರು 9,400 ಲೀಟರ್ ನೀರು. 24 ಗ್ರಾಂ ಸಾಕು. ಬೇಸಿಗೆಯಲ್ಲಿ ನೀರು ಒಂದು ಮೀಟರಿಗೆ ಇಳಿದಿದ್ದರೆ ಬರೀ 8 ಗ್ರಾಂ. ಪುಡಿಯನ್ನು ಬಕೆಟಿನ ನೀರಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡವನ್ನು ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಬಿಟ್ಟು ಬಳಸಬಹುದು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಾದರೆ ಹರಿಯುವಲ್ಲಿ ಹಾಕಿ ಪ್ರಯೋಜನವಿಲ್ಲ, ತುಂಬಿಸುವ ಟ್ಯಾಂಕಿಗೆ ಲೆಕ್ಕ ಮಾಡಿ ಹಾಕಿ. ಕುಡಿಯಲು ಹೇಗೂ ಕುದಿಸಿ. ಕುದಿಸಿದ ನೀರಿಗೆ ತಣ್ಣಗಾಗಲೆಂದು ಹಸಿ ನೀರು ಬೆರೆಸುವ ಅಭ್ಯಾಸ ಮದುವೆ ಮನೆಗಳಲ್ಲಿ ಉಂಟಲ್ಲ, ಕುದಿಸಿದ್ದೆಲ್ಲ ವ್ಯರ್ಥವಾಗುವುದು ಅಲ್ಲೇ. ಕಾಮಾಲೆ ಹರಡುವುದೂ ಹಾಗೆಯೇ.

ಎಸಿ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಮಾಡಿಗೆ ನೆರಳಾದ ಮೇಲೂ ಅತ್ತೆಯವರಿಗೆ ನಿದ್ದೆ ಬಾರದಿದ್ದರೆ ಅವರ ಕೋಣೆಗೊಂದು ಹಾಕಿಸಿ. ನೆರಳಿನ ಕೆಳಗಿನ ಎಸಿ ಕಡಿಮೆ ದುಡಿಯುತ್ತದೆ, ಬಿಲ್ಲೂ ಕಡಿಮೆ. 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಬಿಟ್ಟರೆ ಸಾಕು. ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಬೇಡಿ, ಅದಕ್ಕೇ ಬೇರೆ ವಯರ್ ಎಳೆಸಿ.

ವಯರಿಂಗ್‌ನವರು ಬಂದಾಗಲೇ ಅರ್ತ್ ಗುಂಡಿಯನ್ನೂ ತೋರಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಭೂಮಿಗೆ ಇಳಿಯುವುದಿಲ್ಲ. ಫ್ರಿಜ್ ಮುಟ್ಟಿದರೆ ಜುಮ್ ಎನ್ನುವುದು ಏಪ್ರಿಲ್‌ನಲ್ಲೇ ಶುರುವಾಗಲು ಇದೂ ಒಂದು ಕಾರಣ. ಬಟ್ಟೆ ಒಗೆದ ನೀರನ್ನು ವಾರಕ್ಕೆರಡು ಸಲ ಗುಂಡಿಗೆ ಹೊಯ್ಯಿರಿ. ಮೀಟರಿನ ಹತ್ತಿರ, ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಇ.ಎಲ್.ಸಿ.ಬಿ.ಯಲ್ಲಿ 'ಟೆಸ್ಟ್' ಎಂಬ ಗುಂಡಿ ಇರುತ್ತದೆ. ಒತ್ತಿದರೆ ಪಟ್ಟನೆ ಟ್ರಿಪ್ ಆಗಬೇಕು. ಆಗದಿದ್ದರೆ ಅದೇ ವಾರ ಬದಲಾಯಿಸಿ. ಏಪ್ರಿಲ್, ಮೇಯಲ್ಲಿ ಸಿಡಿಲು ಬರುವುದು ಹೆಚ್ಚಾಗಿ ಮಧ್ಯಾಹ್ನ ಎರಡರ ನಂತರ. ಮೋಡ ಕಟ್ಟುವುದು ಕಂಡ ಕೂಡಲೇ, ಗುಡುಗುವ ಮೊದಲೇ, ಟಿವಿ, ಇಂಟರ್ನೆಟ್ ಕೇಬಲ್, ಪಂಪಿನ ಪ್ಲಗ್ ತೆಗೆಯಿರಿ. ಗುಡುಗು ಶುರುವಾದ ಮೇಲೆ ತೆಗೆಯಲು ಹೋಗಬೇಡಿ. ತಾರಸಿಯಲ್ಲಿ ಅಡಿಕೆ ಒಣಗಲು ಹಾಕಿದ್ದರೂ ಸರಿ, ಅದು ಒದ್ದೆಯಾದರೆ ಆಗಲಿ, ಮೇಲೆ ಓಡಬೇಡಿ.