ಕಾರು ನಿಲ್ಲಿಸುವ ಜಾಗಕ್ಕೆ ನೀರು ನುಗ್ಗಿದಾಗ

ದೊಡ್ಡ ಹಡಗು ಮುಳುಗಿತು ಅಂದರೆ ಮೊದಲು ನೆನಪಾಗುವುದು ಟೈಟಾನಿಕ್. ಹಿಮಗಡ್ಡೆಗೆ ಡಿಕ್ಕಿ, ಪಕ್ಕೆಯಲ್ಲಿ ಬಿರುಕು, ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ನಿಧಾನವಾಗಿ ಇಳಿದ ಹಡಗು. ಆದರೆ 1987ರ ಮಾರ್ಚ್ 6ರ ಸಂಜೆ ಬೆಲ್ಜಿಯಂನ ಜೀಬ್ರುಗ್ ಬಂದರಿನಿಂದ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ. ಬಿರುಗಾಳಿಯೂ ಇರಲಿಲ್ಲ. ಬಂದರು ದಾಟಿದ ಕೆಲವೇ ನಿಮಿಷಗಳಲ್ಲಿ ವಾಲತೊಡಗಿ, ಒಂದೂವರೆ ನಿಮಿಷದಲ್ಲಿ ಪಕ್ಕಕ್ಕೆ ಮಗುಚಿತು. 193 ಜನ ಸತ್ತರು.

ಕಾರು, ಲಾರಿ ಹತ್ತಿಸಲು ಹಡಗಿನ ಮುಂದೆ ಇದ್ದ ಬಾಗಿಲನ್ನೇ ಹಾಕಿರಲಿಲ್ಲ! ಹಾಕಬೇಕಾದವನು ತನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದ. ಕ್ಯಾಪ್ಟನ್ ನಿಲ್ಲುವ ಜಾಗದಿಂದ ಆ ಬಾಗಿಲು ಕಾಣುತ್ತಿರಲಿಲ್ಲ. ಬಾಗಿಲು ಹಾಕಿದೆಯೋ ಇಲ್ಲವೋ ಗೊತ್ತಾಗಲು ಒಂದು ದೀಪ ಹಾಕಿಸಿ ಎಂದು ಹಡಗಿನ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ಮೇಲಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. ಜನರ ನೆನಪಲ್ಲಿ ಉಳಿದದ್ದು ನಿದ್ದೆಯ ಕಥೆ. ನನಗೆ ಮಾತ್ರ ಆ ದೀಪದ ಕಥೆಯೇ ಜಾಸ್ತಿ ಕಾಡುತ್ತದೆ.

ಸರಿ, ಬಾಗಿಲು ತೆರೆದಿತ್ತು. ಆದರೂ ಅಷ್ಟು ಬೇಗ ಮಗುಚುವುದು ಹೇಗೆ? ಅಗಲವಾದ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ. ಸ್ವಲ್ಪ ವಾಲಿದರೆ ಸಾಕು, ನೀರೆಲ್ಲ ಆ ಕಡೆಗೇ ಓಡುತ್ತದೆ, ಪರಾತ ಇನ್ನಷ್ಟು ವಾಲುತ್ತದೆ. ಬೇರೆ ಹಡಗುಗಳ ಒಳಗೆ ನೀರನ್ನು ತಡೆಯಲು ಅಡ್ಡಗೋಡೆಗಳಿರುತ್ತವೆ. ಇದು ರೋ-ರೋ ಫೆರಿ. ಕಾರು, ಲಾರಿ ಒಂದು ತುದಿಯಲ್ಲಿ ಹತ್ತಿ ಇನ್ನೊಂದು ತುದಿಯಲ್ಲಿ ಇಳಿಯಬೇಕು. ಹಾಗಾಗಿ ಕಾರು ನಿಲ್ಲಿಸುವ ಅಂತಸ್ತು, ಅಂದರೆ ಕಾರ್ ಡೆಕ್, ಉದ್ದಕ್ಕೂ ಬಯಲು. ಬಾಗಿಲಿಂದ ನುಗ್ಗಿದ ನೀರು ಪರಾತದ ನೀರಿನ ಹಾಗೇ ಒಂದು ಕಡೆಗೆ ಓಡಿತು.

ಈ ಅಪಾಯ ಆಗ ಹೊಸದೇನಲ್ಲ. 1953ರ ಜನವರಿ 31ರಂದು ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ ಹೊರಟಿದ್ದ 'ಪ್ರಿನ್ಸೆಸ್ ವಿಕ್ಟೋರಿಯಾ' ಫೆರಿಯ ಹಿಂಬಾಗಿಲನ್ನು ಬಿರುಗಾಳಿಯ ಅಲೆಗಳು ಒಡೆದಿದ್ದವು. ಅಲ್ಲೂ ನೀರು ನುಗ್ಗಿದ್ದು ಕಾರ್ ಡೆಕ್ಕಿಗೇ.

1994ರ ಸೆಪ್ಟೆಂಬರ್ 28ರ ರಾತ್ರಿ ಬಾಲ್ಟಿಕ್ ಸಮುದ್ರದಲ್ಲಿ 'ಎಸ್ಟೋನಿಯಾ'. ಈ ಸಲ ಬಾಗಿಲು ಹಾಕಿತ್ತು. ಆದರೆ ಅಲೆಗಳ ಹೊಡೆತಕ್ಕೆ ಮೇಲೆತ್ತಿ ತೆರೆಯುವ ಹಡಗಿನ ಮೂತಿಯ ಚಿಲಕಗಳು ಮುರಿದವು. ಮೂತಿ ಕಳಚಿ ಬೀಳುವಾಗ ಅದರ ಹಿಂದಿದ್ದ, ವಾಹನ ಹತ್ತಿಸುವ ರ್‍ಯಾಂಪನ್ನೂ ಎಳೆದು ತೆರೆಯಿತು. ಹಡಗಿನಲ್ಲಿದ್ದ 989 ಜನರಲ್ಲಿ ಉಳಿದದ್ದು 137.

ಆಮೇಲೆ ಯೂರೋಪಿನ ಕೆಲವು ದೇಶಗಳು ಎಚ್ಚೆತ್ತವು. ಕಾರ್ ಡೆಕ್ಕಿನಲ್ಲಿ 50 ಸೆಂಟಿಮೀಟರ್ ವರೆಗೆ ನೀರು ನಿಂತರೂ ಫೆರಿ ಮಗುಚಬಾರದು ಎಂದು 1996ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಆಯಿತು.

ಆ ಒಪ್ಪಂದ ಕೆಂಪು ಸಮುದ್ರದವರೆಗೆ ಬರಲಿಲ್ಲ. ಈಜಿಪ್ಟಿನ 'ಅಲ್ ಸಲಾಮ್ ಬೊಕಾಚಿಯೊ 98' ಇಟಲಿಯಲ್ಲಿ ಕಟ್ಟಿದ ಹಳೇ ಫೆರಿ. ಜಾಸ್ತಿ ಜನರನ್ನು ಹತ್ತಿಸಲು ಮೇಲೆ ಅಂತಸ್ತು ಏರಿಸಿದ್ದರು. 2006ರ ಫೆಬ್ರವರಿಯಲ್ಲಿ ಸೌದಿಯಿಂದ ವಾಪಸು ಬರುವಾಗ ಕೆಳಗೆ ಬೆಂಕಿ ಬಿತ್ತು. ಆರಿಸಲು ನೀರು ಸುರಿದರು. ಡೆಕ್ಕಿನಿಂದ ನೀರು ಹೊರಹೋಗುವ ತೂತುಗಳು ಕಟ್ಟಿಕೊಂಡಿದ್ದವು. ಸುರಿದ ನೀರೆಲ್ಲ ಒಂದೇ ಕಡೆ ಸೇರಿ, ಹಡಗು ಸಾವಿರಕ್ಕೂ ಹೆಚ್ಚು ಜನರ ಜೊತೆ ಮುಳುಗಿತು.