ಓದುಗರ ಪ್ರಶ್ನೆ: ಪ್ರತಿ ಸಲ ಸಮುದ್ರವೇ ಬದಲಾದರೆ ನಕ್ಷತ್ರ ಕಲಿತು ಏನು ಪ್ರಯೋಜನ?

ಹುಬ್ಬಳ್ಳಿಯಲ್ಲಿ ಕುಳಿತು ನಾನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿರುವ ಹಾಯಿಹಡಗಿನ ಆಟದ ಬಗ್ಗೆ ಹಾವೇರಿಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ರೋಗ್‌ಲೈಕ್ ಆಟದಲ್ಲಿ ಒಮ್ಮೆ ಸತ್ತರೆ ಗಳಿಸಿದ್ದೆಲ್ಲ ಹೋಗುತ್ತದೆ, ಮತ್ತೆ ಶುರು ಮಾಡಿದಾಗ ನಕ್ಷೆಯೂ ಹೊಸದು. ಹಾಗಿರುವಾಗ ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನು ಕಲಿತು ಏನು ಪ್ರಯೋಜನ?’ ಆಟ ಆಡಿ ನೋಡಿದ ಬಹುತೇಕರು ಇದನ್ನೇ ಕೇಳಿದ್ದಾರೆ.

ದ್ವೀಪ, ಬಂಡೆ, ಬಂದರುಗಳು ಪ್ರತಿ ಯಾನಕ್ಕೂ ಬೇರೆಯಾಗುತ್ತವೆ, ಆಕಾಶ ಬೇರೆಯಾಗುವುದಿಲ್ಲ. ಇದೇ ಉತ್ತರ, ಆದರೆ ಇದರ ಹಿಂದಿರುವ ಕಾರಣವನ್ನು ಸ್ವಲ್ಪ ವಿವರಿಸಬೇಕು.

ಈ ಪ್ರಕಾರಕ್ಕೆ ಹೆಸರು ಕೊಟ್ಟ ‘ರೋಗ್’ ಆಟ 1980ರ ಸುಮಾರಿಗೆ ಯುನಿಕ್ಸ್ ಗಣಕಗಳ ಮೇಲೆ ಹುಟ್ಟಿತು. ಅದರಲ್ಲಿ ನೆಲಮಾಳಿಗೆಯ ಕೋಣೆಗಳಷ್ಟೇ ಅಲ್ಲ, ಔಷಧಿಗಳ ಬಣ್ಣವೂ ಪ್ರತಿ ಸಲ ಕಲಸಿಹೋಗುತ್ತದೆ. ಹಿಂದಿನ ಆಟದಲ್ಲಿ ಗಾಯ ಮಾಯಿಸಿದ ಬಣ್ಣ ಈ ಸಲ ಕಣ್ಣು ಕಟ್ಟಬಹುದು. ಆದರೆ ಇಂಗ್ಲಿಷಿನ ಒಂದೊಂದು ಅಕ್ಷರವಾಗಿ ತೆರೆಯ ಮೇಲೆ ಬರುವ ರಾಕ್ಷಸರ ಸ್ವಭಾವ ಮಾತ್ರ ಅದೇ ಇರುತ್ತದೆ. ಪಾತ್ರ ಸತ್ತರೂ ಆಡುವವರ ತಲೆಯಲ್ಲಿ ಉಳಿಯುವುದು ಆ ತಿಳಿವಳಿಕೆ. ನನ್ನ ಮೊದಲ ಕರಡಿನಲ್ಲಿ ನಾನು ನಕ್ಷತ್ರಗಳನ್ನೂ ಔಷಧಿಯ ಬಣ್ಣದಂತೆ ಕಲಸಿದ್ದೆ. ಆಡಿದವರು ಎರಡನೆಯ ಯಾನದ ಹೊತ್ತಿಗೆ ತಲೆಯೆತ್ತಿ ನೋಡುವುದನ್ನೇ ಬಿಟ್ಟರು, ಏಕೆಂದರೆ ಆಕಾಶ ಅವರಿಗೆ ಏನನ್ನೂ ಹೇಳುತ್ತಿರಲಿಲ್ಲ. ಹಾಗಾಗಿ ನಿಜವಾದ ಆಕಾಶವನ್ನೇ ತಂದೆ. ಯಾನ ಆರಂಭವಾಗುವ ತಿಂಗಳನ್ನು ಮಾತ್ರ ಆಟ ತಾನೇ ಆರಿಸುತ್ತದೆ, ಅದರಂತೆ ಸಂಜೆ ಯಾವ ನಕ್ಷತ್ರಗಳು ಕಾಣುತ್ತವೆ ಎಂಬುದು ಬದಲಾಗುತ್ತದೆ. (ಮಿರಗದ ಮಳೆ ಬೀಳುವ ಜೂನ್‌ನಲ್ಲಿ ಮೃಗಶಿರ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ, ಆಗ ಸೂರ್ಯನೇ ಅಲ್ಲಿರುತ್ತಾನೆ, ಅದನ್ನು ನೋಡಲು ಚಳಿಗಾಲದವರೆಗೆ ಕಾಯಬೇಕು.)

ಇನ್ನು ಕಲಿಯುವುದು ಏನನ್ನು? ಮುಖ್ಯವಾಗಿ ಒಂದೇ ಸಂಗತಿ: ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ, ನಾವು ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಉಣಕಲ್ ಕೆರೆಯ ದಂಡೆಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತು, ತೋಳನ್ನು ಪೂರ್ತಿ ಚಾಚಿ, ಮುಷ್ಟಿಯನ್ನು ಕಣ್ಣಿನ ಮಟ್ಟದ ಮೇಲೆ ಇರಿಸಿ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಅದರ ಮೇಲೆ ಇನ್ನೊಂದು ಕೈಯ ನಡುವಿನ ಮೂರು ಬೆರಳನ್ನು ಅಡ್ಡ ಹಿಡಿದರೆ ಇನ್ನೂ 5. ಅಲ್ಲೇ, ಬೆರಳಿನ ಅಂಚಿಗೆ ತಾಗಿದಂತೆ, ಅಷ್ಟೇನೂ ಪ್ರಖರವಲ್ಲದ ಧ್ರುವ ಕಾಣುತ್ತದೆ, ಏಕೆಂದರೆ ಹುಬ್ಬಳ್ಳಿಯ ಅಕ್ಷಾಂಶ 15 ಡಿಗ್ರಿಗಿಂತ ತುಸು ಹೆಚ್ಚು. ಗುರುತು ಸಿಗದಿದ್ದರೆ ಸಪ್ತರ್ಷಿ ಮಂಡಲದ ಚೌಕದಲ್ಲಿ, ಬಾಲದಿಂದ ದೂರದ ಅಂಚಿನ ಎರಡು ನಕ್ಷತ್ರಗಳಾದ ಪುಲಹದಿಂದ ಕ್ರತುವಿಗೆ ಗೆರೆ ಎಳೆದು, ಅದನ್ನು ಐದು ಪಟ್ಟು ಮುಂದುವರಿಸಿ ನೋಡಬೇಕು.

ಅರಬ್ಬೀ ಸಮುದ್ರದ ನಾವಿಕರು ಇದೇ ಅಳತೆಗೆ ಕಮಾಲ್ ಎಂಬ ಸಾಧನ ಬಳಸುತ್ತಿದ್ದರು: ಒಂದು ಸಣ್ಣ ಹಲಗೆ, ಅದರ ನಡುವಿನಿಂದ ಹೊರಟ ದಾರ, ದಾರದಲ್ಲಿ ಒಂದೊಂದು ಬಂದರಿಗೆ ಒಂದೊಂದು ಗಂಟು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರವನ್ನು ಬಿಗಿಯಾಗಿ ಎಳೆದಾಗ ಹಲಗೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗಿದರೆ, ಆ ಗಂಟಿನ ಬಂದರಿನ ಅಕ್ಷಾಂಶಕ್ಕೆ ಬಂದಂತೆ. ನನ್ನ ಆಟದಲ್ಲಿ ಆಡುವವರ ಕೈಗೆ ಸಿಗುವ ಮುಖ್ಯ ಸಾಧನವೂ ಇದೇ. ಬಂದರಿನ ಹಳಬರು ‘ಅಲ್ಲಿ ಧ್ರುವ ಎಂಟು ಬೆರಳು’ ಎಂದು ಹೇಳುತ್ತಾರೆ; ಅದನ್ನು ಕೇಳಿ ಗಂಟು ಹಾಕಿಕೊಳ್ಳಬೇಕು. ಹಡಗು ಮುಳುಗಿದರೆ ಗಂಟುಗಳೂ ಮುಳುಗುತ್ತವೆ, ಗಂಟು ಹಾಕುವ ಬಗೆ ಮಾತ್ರ ನಿಮ್ಮಲ್ಲೇ ಉಳಿಯುತ್ತದೆ.

ಪೂರ್ವ–ಪಶ್ಚಿಮದ ಲೆಕ್ಕ ಇಷ್ಟು ಸುಲಭವಲ್ಲ. ರೇಖಾಂಶ ತಿಳಿಯಲು ಕರಾರುವಾಕ್ಕಾದ ಗಡಿಯಾರ ಬೇಕು, 4 ನಿಮಿಷದ ತಪ್ಪಿಗೆ ಒಂದು ಡಿಗ್ರಿ ತಪ್ಪುತ್ತದೆ, ಮತ್ತು ಅಂಥ ಗಡಿಯಾರ ಹಡಗಿಗೆ ಬಂದದ್ದು 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ದುಡಿದ ಮೇಲೆ. ನನ್ನ ಆಟದಲ್ಲಿ ಗಡಿಯಾರ ಇಲ್ಲ. ಹಿಂದಿನವರಂತೆ ಮೊದಲು ಬೇಕಾದ ಅಕ್ಷಾಂಶಕ್ಕೆ ಹೋಗಿ, ಧ್ರುವದ ಎತ್ತರ ಕೆಡದಂತೆ ನೋಡಿಕೊಳ್ಳುತ್ತ, ದಡ ಸಿಗುವವರೆಗೆ ನೇರ ಸಾಗಬೇಕು. ಒಂದು ಸರದಿ ಎಂದರೆ ಒಂದು ಘಳಿಗೆ, ಅಂದರೆ 24 ನಿಮಿಷ. ಅಷ್ಟರಲ್ಲಿ ಆಕಾಶ 6 ಡಿಗ್ರಿ ತಿರುಗುತ್ತದೆ. ಮೋಡ ಕವಿದ ರಾತ್ರಿಗಳಲ್ಲಿ ವೇಗ ಮತ್ತು ದಿಕ್ಕಿನ ಅಂದಾಜಿನ ಮೇಲೇ ನಡೆಯಬೇಕಾಗುತ್ತದೆ. ಅಳತೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಸಮುದ್ರದಲ್ಲಿ 111 ಕಿಲೋಮೀಟರ್ ತಪ್ಪಿದಂತೆ, ಹಡಗಿನಲ್ಲಿರುವ ಕುಡಿಯುವ ನೀರು ಅದನ್ನು ಕಾಯುವುದಿಲ್ಲ. ಆಡುವವರು ಸಾಯುವುದು ಬಹಳ ಸಲ ಹೀಗೆಯೇ, ಬಿರುಗಾಳಿಯಿಂದಲ್ಲ.

ಆಟದಲ್ಲಿ ಬದಲಾಗದ ಬಂದರು ಒಂದೇ ಒಂದು, ಕಾರವಾರ. ಪ್ರತಿ ಯಾನವೂ ಅಲ್ಲಿಂದಲೇ ಹೊರಡುತ್ತದೆ, ಮನೆಗೆ ಮರಳಲು ಹಾಕಬೇಕಾದ ಗಂಟೂ ಅದರದೇ. ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ, ಹಾವೇರಿಯದೂ ಸುಮಾರು 14.8. ಪ್ರಶ್ನೆ ಕೇಳಿದವರು ತಮ್ಮ ಮನೆಯ ಮಾಳಿಗೆಯ ಮೇಲೆ ನಿಂತು ಒಂದು ಹಲಗೆಗೆ ದಾರ ಕಟ್ಟಿ ಧ್ರುವವನ್ನು ಅಳೆದರೆ, ಕಾರವಾರದ ಗಂಟು ಅವರ ಕೈಯಲ್ಲಿರುತ್ತದೆ.